ಸಾಂಕ್ರಾಮಿಕ ಬಂದಾಗ ಆರೋಗ್ಯ ನೋಡಿಕೊಳ್ಳಿ ಅಂತಾರೆ, ಸರಿ. ನೆರವು ಕೇಳೋದು ಯಾರ ಹತ್ತಿರ?

ಸಂಜೆಗಾಳಿ:
ಎಲ್ಲರಿಗೂ ನಮಸ್ಕಾರ. ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2023ರ ಮೇ 5ರಂದು. ಇನ್ನೊಂದು ಬರುವುದೇ ಇಲ್ಲ ಎಂದು ಮಾತ್ರ ಯಾರೂ ಹೇಳಿಲ್ಲ. ಹಾಗಾಗಿ ಈಗಲೇ ಕೇಳಿಟ್ಟುಕೊಳ್ಳೋಣ ಅನ್ನಿಸಿತು.

ಮನೆಯಲ್ಲಿ ಇಬ್ಬರು ವಯಸ್ಸಾದವರಿದ್ದಾರೆ. ಒಬ್ಬರಿಗೆ ಶುಗರ್. ನನ್ನ ಕೆಲಸ ಹೋದ ದಿನ ಸಂಬಳ, ಹೋಗದ ದಿನ ಇಲ್ಲ. ಹುಡುಕಿದರೆ ಎಲ್ಲ ಕಡೆ ಒಂದೇ ಮಾತು: ಚೆನ್ನಾಗಿ ನಿದ್ದೆ ಮಾಡಿ, ಒಳ್ಳೆಯದನ್ನು ತಿನ್ನಿ, ಚಿಂತೆ ಮಾಡಬೇಡಿ, ಕಾಯಿಲೆ ಬಂದರೆ ಬೇರೆ ಕೋಣೆಯಲ್ಲಿರಿ. ಬೇರೆ ಕೋಣೆ ಇಲ್ಲದವರು? ಮನೆಯಲ್ಲಿ ಕೂತರೆ ಊಟಕ್ಕೆ ಕಷ್ಟವಾಗುವವರು? ಇದನ್ನು ಯಾರೂ ಬರೆಯುವುದಿಲ್ಲ.

ಇಲ್ಲಿ ಆಸ್ಪತ್ರೆಯಲ್ಲಿ, ನೆರವಿನ ಕಚೇರಿಗಳಲ್ಲಿ ಕೆಲಸ ಮಾಡಿದವರು ಇದ್ದೀರಿ ಎಂದು ಗೊತ್ತು. ಉಪದೇಶ ಬೇಡ. ನೀವು ನಿಮ್ಮ ಮನೆಯವರಿಗೆ ಏನು ಹೇಳುತ್ತೀರೋ ಅದನ್ನೇ ಹೇಳಿ.

ರಾತ್ರಿಪಾಳಿ:
ನಾನು ನರ್ಸ್. ಉಸಿರಾಟದ ಸೋಂಕಿನ ವಾರ್ಡ್‌ನಲ್ಲಿ ಇದ್ದವಳು. ಮನೆಯವರಿಗೆ ನಾನು ಹೇಳುವುದು ಕಾಯಿಲೆ ಬರದ ಹಾಗೆ ಏನು ಮಾಡಬೇಕು ಅನ್ನುವುದಕ್ಕಿಂತ ಜಾಸ್ತಿ, ಬಂದ ಮೇಲೆ ಯಾವಾಗ ಹೆದರಬೇಕು ಅನ್ನುವುದನ್ನು.

ಕೋವಿಡ್‌ನಲ್ಲಿ ತುಂಬ ಜನ ಮೊದಲ ನಾಲ್ಕೈದು ದಿನ ಜ್ವರ, ಮೈಕೈ ನೋವು ಅಂದುಕೊಂಡು ದಾಟಿದರು. ಹದಗೆಟ್ಟವರಲ್ಲಿ ಹೆಚ್ಚಿನವರಿಗೆ ಹದಗೆಟ್ಟಿದ್ದು ಒಂದು ವಾರದ ಆಸುಪಾಸಿನಲ್ಲಿ. 'ಜ್ವರ ಇಳಿಯಿತು, ಇನ್ನೇನು' ಎಂದು ಮನೆಯವರು ನೋಡುವುದನ್ನು ಬಿಡುವ ಹೊತ್ತಿಗೆ ಸರಿಯಾಗಿ. ಕೆಲವರಿಗೆ ಆಮ್ಲಜನಕ ತುಂಬ ಇಳಿದಿದ್ದರೂ ಉಸಿರು ಕಟ್ಟಿದ ಹಾಗೆ ಅನಿಸುತ್ತಲೇ ಇರಲಿಲ್ಲ. ಆರಾಮವಾಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಅದಕ್ಕೇ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಉಪಯೋಗಕ್ಕೆ ಬಂತು.

ಅದನ್ನು ಬಳಸುವ ರೀತಿ ಹೇಳುತ್ತೇನೆ. ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಕೈ ಬೆಚ್ಚಗಿರಲಿ, ಉಗುರಿಗೆ ಬಣ್ಣ ಬೇಡ. ಅಂಕಿ ಓಡಾಡುವುದು ನಿಂತ ಮೇಲೆ ಬರೆದುಕೊಳ್ಳಿ, ದಿನಕ್ಕೆ ಎರಡು ಮೂರು ಸಲ ಸಾಕು. ಸಾಮಾನ್ಯವಾಗಿ 95ರಿಂದ 100 ಇರುತ್ತದೆ. 94ಕ್ಕಿಂತ ಕೆಳಗೆ ನಿಂತರೆ ವೈದ್ಯರಿಗೆ ಫೋನ್ ಮಾಡಿ. 90ಕ್ಕಿಂತ ಕೆಳಗೆ ಹೋದರೆ ಫೋನ್ ಮಾಡಿ ಕಾಯುವ ಮಾತಿಲ್ಲ, ಹೊರಡಿ. ಮೊದಲಿನಿಂದಲೂ ಶ್ವಾಸಕೋಶದ ಕಾಯಿಲೆ ಇರುವವರಿಗೆ, ತುಂಬ ಎತ್ತರದ ಜಾಗದಲ್ಲಿ ಇರುವವರಿಗೆ ಈ ಅಂಕಿಗಳು ಬೇರೆ, ಅವರು ತಮ್ಮ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯ, ನಮ್ಮಂಥ ಕಪ್ಪು ಮೈಬಣ್ಣದವರಿಗೆ. ಈ ಯಂತ್ರ ಕಪ್ಪು ಚರ್ಮದ ಮೇಲೆ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದವರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಆಮ್ಲಜನಕ ಇಳಿದಿದ್ದರೂ ಯಂತ್ರ ಸರಿ ಇದೆ ಎಂದು ತೋರಿಸಿದ್ದು, ಬಿಳಿಯರಿಗಿಂತ ಕಪ್ಪು ಜನರಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಜಾಸ್ತಿ. ಹಾಗಾಗಿ ಒಂದು ಅಂಕಿಗಿಂತ ನಿನ್ನೆಗೂ ಇವತ್ತಿಗೂ ಎಷ್ಟು ಇಳಿಯಿತು ಅನ್ನುವುದನ್ನು ನೋಡಿ. ಮನುಷ್ಯನನ್ನೂ ನೋಡಿ. ಕೂತಲ್ಲೇ ಏದುಸಿರು, ಎದೆ ಒತ್ತಿದ ಹಾಗೆ ಆಗುವುದು, ತುಟಿ ನೀಲಿಯಾಗುವುದು, ಮಾತು ತೊದಲುವುದು, ಎಬ್ಬಿಸಿದರೂ ಸರಿಯಾಗಿ ಏಳದೆ ಇರುವುದು. ಇವುಗಳಲ್ಲಿ ಒಂದಿದ್ದರೂ ಯಂತ್ರ ಏನು ಹೇಳುತ್ತದೆ ಎಂದು ನೋಡುತ್ತ ಕೂರಬೇಡಿ.

ಯಂತ್ರ ಇಲ್ಲವಾ? ಮಲಗಿರುವಾಗ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ ಎಣಿಸಿ. ದೊಡ್ಡವರಿಗೆ 12ರಿಂದ 20 ಸರಿ. 30 ದಾಟಿದರೆ ಆಸ್ಪತ್ರೆ.

ನೇರಮಾತು:
ಒಳ್ಳೆಯ ಮಾಹಿತಿ. ಆದರೆ ಇಷ್ಟೆಲ್ಲ ಹೆದರಿಸುವ ಬದಲು ರೋಗನಿರೋಧಕ ಶಕ್ತಿ ಬೆಳೆಸಿಕೊಂಡರೆ ಆಗಲ್ವಾ? ನಮ್ಮ ಮನೆಯಲ್ಲಿ ಹಬೆ ತೆಗೆದುಕೊಂಡು, ಮನೆಮದ್ದು ಮಾಡಿಕೊಂಡೇ ಎಲ್ಲರೂ ಹುಷಾರಾದೆವು.

ರಾತ್ರಿಪಾಳಿ:
ಹುಷಾರಾಗಿದ್ದು ಸಂತೋಷ ಸರ್. ಏನೂ ಮಾಡದೆ ಇದ್ದ ಬಹಳ ಜನವೂ ಹುಷಾರಾದರು. ಬಿಸಿಬಿಸಿ ಕುಡಿದರೆ ಗಂಟಲಿಗೆ ಹಿತ, ಅದಕ್ಕೆ ನನ್ನ ಅಡ್ಡಿ ಇಲ್ಲ. ಹಬೆಯಿಂದ ವೈರಸ್ ಸಾಯುವುದಿಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಂಡು ಬಂದದ್ದು ಮಾತ್ರ ಆ ಕಾಲದಲ್ಲಿ ಜಾಸ್ತಿಯಾಯಿತು.

ನನಗೆ ಮನೆಮದ್ದಿಗಿಂತ ಭಯ ಆಗುವುದು ಮೆಡಿಕಲ್ ಶಾಪ್‌ನಿಂದ ತಾವೇ ತಂದು ನುಂಗುವ ಮಾತ್ರೆಗಳದ್ದು. ಆ್ಯಂಟಿಬಯಾಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಸ್ಟೀರಾಯ್ಡ್ ಕಥೆ ಇನ್ನೂ ಮುಖ್ಯ. 2020ರ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗದವರು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು ತೋರಿಸಿದರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ಆದರೆ ಆಮ್ಲಜನಕವೇ ಬೇಕಿಲ್ಲದವರಿಗೆ ಅದರಿಂದ ಏನೂ ಲಾಭ ಕಾಣಲಿಲ್ಲ. ಜನ ಮೊದಲ ಅರ್ಧ ಓದಿದರು, ಎರಡನೇ ಅರ್ಧ ಬಿಟ್ಟರು. ಜ್ವರ ಬಂದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದರು. ಶುಗರ್ ಇರುವವರಿಗೆ ಅದು ಸಕ್ಕರೆ ಎಷ್ಟು ಏರಿಸುತ್ತದೆ ಎಂದು ಸಂಜೆಗಾಳಿಯವರು ನೆನಪಿಟ್ಟುಕೊಳ್ಳಲೇಬೇಕು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ದೊಡ್ಡವರಿಗೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಬಾರದು. ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಅಷ್ಟೂ ಆಗದು, ಕೇಳಿಯೇ ಕೊಡಿ. ಶೀತದ ಮಾತ್ರೆಗಳಲ್ಲೂ ಇದೇ ಮದ್ದು ಸೇರಿರುತ್ತದೆ, ಪೊಟ್ಟಣ ತಿರುಗಿಸಿ ಓದಿ.

ಕಿಟಕಿ_ತೆಗೀರಿ:
'ಬೇರೆ ಕೋಣೆ ಇಲ್ಲದವರು?' ಎಂದು ಕೇಳಿದಿರಲ್ಲ, ಅದಕ್ಕೆ ನನ್ನ ಹತ್ತಿರ ಸ್ವಲ್ಪ ಉತ್ತರ ಇದೆ. ನನ್ನ ಕೆಲಸ ಕಟ್ಟಡಗಳ ಗಾಳಿ ವ್ಯವಸ್ಥೆ.

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. 61 ಜನ, ಎರಡೂವರೆ ಗಂಟೆ. ಒಬ್ಬರಿಗೆ ಶೀತದಂಥ ಲಕ್ಷಣ ಇತ್ತು. ಆಮೇಲೆ ಖಚಿತ ಮತ್ತು ಬಹುಮಟ್ಟಿಗೆ ಖಚಿತ ಎಂದು ಲೆಕ್ಕಕ್ಕೆ ಸಿಕ್ಕ ಸೋಂಕು 53. ಇಬ್ಬರು ತೀರಿಕೊಂಡರು. ಮುಟ್ಟಿದ್ದರಿಂದಲೇ ಇಷ್ಟು ಹರಡಿತು ಎಂದರೆ ನಂಬುವುದು ಕಷ್ಟ, ಅಲ್ವಾ? ಆದರೂ ಅದೇ ತಿಂಗಳ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಇದು ಗಾಳಿಯಲ್ಲಿ ಹರಡುವ ರೋಗ ಅಲ್ಲ' ಎಂದು ಸಾರಿತ್ತು. ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ಬಹಿರಂಗ ಪತ್ರ ಬರೆದರು. ಸಂಸ್ಥೆ ತನ್ನ ಮಾತನ್ನು ಸ್ಪಷ್ಟವಾಗಿ ಬದಲಿಸುವಾಗ 2021 ಬಂದಿತ್ತು. ಅಷ್ಟರಲ್ಲಿ ಪ್ರಪಂಚವೆಲ್ಲ ಮೇಜು ಕುರ್ಚಿ ಒರೆಸಿ ಒರೆಸಿ ಸುಸ್ತಾಗಿತ್ತು!

ಕೋಣೆಯಲ್ಲಿ ಯಾರೋ ಸಿಗರೇಟ್ ಸೇದುತ್ತಿದ್ದಾರೆ ಅಂದುಕೊಳ್ಳಿ. ಹೊಗೆ ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಹೋಗುತ್ತದೆ? ಒಂದೇ ಕೋಣೆಯ ಮನೆಯಲ್ಲೂ ರೋಗಿಯನ್ನು ಗಾಳಿ ಹೊರಗೆ ಹೋಗುವ ಕಿಟಕಿಯ ಹತ್ತಿರ ಮಲಗಿಸಬಹುದು. ಎದುರು ಬದುರು ಎರಡು ಕಡೆ ತೆರೆದರೆ ಗಾಳಿ ಓಡುತ್ತದೆ, ಒಂದೇ ಕಡೆ ತೆರೆದರೆ ಅಲ್ಲೇ ಸುತ್ತುತ್ತದೆ. ಕಿಟಕಿಯಲ್ಲಿ ಫ್ಯಾನ್ ಹೊರಮುಖವಾಗಿ ಇಟ್ಟರೆ ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಮನೆಯವರ ಕಡೆಯಿಂದ ರೋಗಿಯ ಕಡೆಗೆ, ಅಲ್ಲಿಂದ ಹೊರಗೆ ಗಾಳಿ ಹೋಗಬೇಕು. ಉಲ್ಟಾ ಆಗಬಾರದು.

ಕಿಟಕಿಯೇ ಇಲ್ಲದಿದ್ದರೆ ಶೋಧಕ. 2020ರಲ್ಲಿ ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಎನ್ನುವ ಇಬ್ಬರು ಸೇರಿ ಒಂದು ಸುಲಭದ ಉಪಾಯ ಮಾಡಿದರು. ನಾಲ್ಕೈದು ಒಳ್ಳೆಯ ಗಾಳಿ ಫಿಲ್ಟರ್‌ಗಳನ್ನು ಡಬ್ಬಿಯ ಹಾಗೆ ಟೇಪ್ ಹಚ್ಚಿ ಜೋಡಿಸಿ, ಮೇಲೆ ಚೌಕಾಕಾರದ ಫ್ಯಾನ್ ಕೂರಿಸುವುದು. ನೋಡಲು ಶಾಲೆ ಮಕ್ಕಳ ಪ್ರಾಜೆಕ್ಟ್. ಗಾಳಿ ಶುಚಿ ಮಾಡುವುದರಲ್ಲಿ ದುಬಾರಿ ಯಂತ್ರಗಳಿಗೆ ಸಮ.

ಮಾಸ್ಕ್ ಬಗ್ಗೆ ಒಂದೇ ಮಾತು. ಎನ್95 ಆದರೂ ಪಕ್ಕದಲ್ಲಿ ಸಂದಿ ಇದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ರೋಗಿ, ಆರೈಕೆ ಮಾಡುವವರು ಇಬ್ಬರೂ ಹಾಕಿದರೆ ಒಳ್ಳೆಯದು.

ದೀಪು_ಅಮ್ಮ:
ಹಾಗಾದರೆ ಕೈ ತೊಳೆಯುವುದು ಸುಳ್ಳಾ? ಮಕ್ಕಳಿಗೆ ಕಷ್ಟಪಟ್ಟು ಅಭ್ಯಾಸ ಮಾಡಿಸಿದ್ದೇನೆ.

ರಾತ್ರಿಪಾಳಿ:
ಖಂಡಿತ ಬಿಡಿಸಬೇಡಿ ಅಕ್ಕ! ಮುಂದಿನ ಸಾಂಕ್ರಾಮಿಕ ಕೋವಿಡ್ ಥರವೇ ಇರಬೇಕೆಂದಿಲ್ಲ. ಕಾಲರಾದ ಏಳನೇ ಜಾಗತಿಕ ಅಲೆ 1961ರಲ್ಲಿ ಶುರುವಾದದ್ದು ಇನ್ನೂ ನಿಂತಿಲ್ಲ, ಅದು ಹರಡುವುದು ನೀರಿನಿಂದ, ಕೊಳಕು ಕೈಯಿಂದ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿದರೆ ಸಾಕು. ಸ್ಯಾನಿಟೈಸರ್‌ನಲ್ಲಿ ಕಡಿಮೆ ಅಂದರೂ 60% ಆಲ್ಕೋಹಾಲ್ ಇರಬೇಕು. ವಾಂತಿಭೇದಿ ತರುವ ಕೆಲವು ವೈರಸ್‌ಗಳಿಗೆ ಅದೂ ನಾಟುವುದಿಲ್ಲ, ಅಲ್ಲಿ ಸೋಪೇ ಗತಿ.

ಹೊಸ ರೋಗ ಬಂದಾಗ ಮೊದಲು ಕೇಳಬೇಕಾದದ್ದು ಅದು ಹೇಗೆ ಹರಡುತ್ತದೆ ಅನ್ನುವುದನ್ನು. ಉತ್ತರ ಮೊದಲ ತಿಂಗಳುಗಳಲ್ಲಿ ಬದಲಾಗಬಹುದು. 'ನಿನ್ನೆ ಒಂದು ಹೇಳಿದರು, ಇವತ್ತು ಇನ್ನೊಂದು' ಎಂದು ಸಿಟ್ಟು ಬರುವುದು ಸಹಜ. ಹೊಸದು ತಿಳಿದ ಮೇಲೂ ಹಳೆಯದನ್ನೇ ಹೇಳುತ್ತ ಕೂರುವವರ ಮೇಲೆ ನನಗೆ ಅದಕ್ಕಿಂತ ಜಾಸ್ತಿ ಸಿಟ್ಟು.

ಇನ್ನೊಂದು, ಮಕ್ಕಳಿರುವವರಿಗೆ. ಸಾಂಕ್ರಾಮಿಕದ ಗಲಾಟೆಯಲ್ಲಿ ಮಾಮೂಲಿ ಲಸಿಕೆಗಳನ್ನು ಬಿಡಬೇಡಿ. 2021ರಲ್ಲಿ ಪ್ರಪಂಚದಲ್ಲಿ 2.5 ಕೋಟಿ ಮಕ್ಕಳಿಗೆ ಮೂಲ ಲಸಿಕೆಯ ಒಂದಾದರೂ ಡೋಸ್ ತಪ್ಪಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕ ಹಾಕಿದ್ದವು. ದಡಾರ ಲಾಕ್‌ಡೌನ್ ನೋಡಿಕೊಂಡು ಬರುವುದಿಲ್ಲ.

ಅರ್ಜಿಗುಮಾಸ್ತ:
ಎರಡನೇ ಪ್ರಶ್ನೆಗೆ ನಾನು ಬರೆಯುತ್ತೇನೆ. ನೆರವಿನ ಅರ್ಜಿಗಳನ್ನು ಪರಿಶೀಲಿಸುವ ಮೇಜಿನ ಆ ಕಡೆ ಕೂತವನು ನಾನು. ಈಗ ನಿವೃತ್ತ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಜನ ಅಂದುಕೊಳ್ಳುವುದು ಅರ್ಹತೆ ಇಲ್ಲದ್ದಕ್ಕೆ ಅರ್ಜಿ ಬಿದ್ದುಹೋಗುತ್ತದೆ ಎಂದು. ನಾನು ನೋಡಿದ ಅರ್ಜಿಗಳಲ್ಲಿ ಬಹುಪಾಲು ಬಿದ್ದದ್ದು ಚಿಕ್ಕಪುಟ್ಟ ಕಾರಣಕ್ಕೆ. ಗುರುತಿನ ಚೀಟಿಯಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಅಕ್ಷರ. ವರ್ಷಗಟ್ಟಲೆ ವಹಿವಾಟಿಲ್ಲದೆ ನಿಂತುಹೋದ ಖಾತೆ. ಹಳೆಯ ಫೋನ್ ನಂಬರ್, ಓಟಿಪಿ ಯಾರಿಗೋ ಹೋಗುತ್ತದೆ. ಬಾಡಿಗೆ ಮನೆ ಬದಲಿಸಿದವರ ಹಳೇ ವಿಳಾಸ. ಇವನ್ನೆಲ್ಲ ಸಾಂಕ್ರಾಮಿಕ ಬಂದ ಮೇಲೆ ಸರಿ ಮಾಡಲು ಹೋದರೆ ಕಚೇರಿಯೇ ಮುಚ್ಚಿರುತ್ತದೆ. ಈಗ ಮಾಡಿ. ಬೇಜಾರಿನ ಕೆಲಸ, ಗೊತ್ತು.

ಅರ್ಜಿ ಹಾಕಿದ ಮೇಲೆ ಸ್ವೀಕೃತಿ ಸಂಖ್ಯೆ ತೆಗೆದುಕೊಳ್ಳದೆ ಜಾಗ ಬಿಡಬೇಡಿ. ಆನ್‌ಲೈನ್ ಆದರೆ ಪರದೆಯ ಫೋಟೋ. ಫೋನಿನಲ್ಲಿ ಮಾತಾಡಿದರೆ ತಾರೀಕು, ಸಮಯ, ಮಾತಾಡಿದವರ ಹೆಸರು, ಹೇಳಿದ ಮಾತು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ. ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ. ಮೇಲ್ಮನವಿಗೆ ಸಾಮಾನ್ಯವಾಗಿ ಗಡುವು ಇರುತ್ತದೆ, ಅದು ತಿರಸ್ಕಾರದ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೇಜಿನ ಆ ಕಡೆ ಇರುವವರಿಗೂ ಒಂದು ಗುಟ್ಟು ಗೊತ್ತು: ಮರುಪರಿಶೀಲನೆ ಕೇಳುವವರು ಬಹಳ ಕಡಿಮೆ, ಕೇಳಿದವರ ಕಡತವನ್ನು ಮತ್ತೆ ತೆರೆಯಲೇಬೇಕು.

ಎಲ್ಲಿ ಕೇಳುವುದು? ಸರ್ಕಾರದ ನಗದು ನೆರವು ಒಂದು ಬಾಗಿಲು. ಕೆಲಸದ ಜಾಗ ಇನ್ನೊಂದು, ಕಾಯಿಲೆ ರಜೆಗೆ ಸಂಬಳ ಉಂಟಾ, ವಿಮೆ ಉಂಟಾ ಎಂದು ಕಾಯಿಲೆ ಬರುವ ಮೊದಲೇ ಕೇಳಿ. ಮನೆ ಬಾಡಿಗೆ, ವಿದ್ಯುತ್ ಬಿಲ್, ಸಾಲದ ಕಂತು ಇವೆಲ್ಲ ಬಾಕಿ ಬೀಳುವ ಮೊದಲು 'ಗಡುವು ಕೊಡಿ' ಎಂದು ಬರೆದು ಕೇಳಬೇಕು. ಬಾಕಿ ಬಿದ್ದ ಮೇಲೆ ಕೇಳುವವರಿಗೂ, ಮೊದಲೇ ಕೇಳುವವರಿಗೂ ಸಿಗುವ ಉತ್ತರ ಬೇರೆ. ಆಮೇಲೆ ಸ್ಥಳೀಯ ಆಡಳಿತ, ಸ್ವಯಂಸೇವಾ ಸಂಘಗಳು, ಧಾರ್ಮಿಕ ಸಂಸ್ಥೆಗಳು. ಊಟ, ಔಷಧಿ ತಲುಪಿಸುವುದರಲ್ಲಿ ಇವರೇ ಮೊದಲು ಬರುತ್ತಾರೆ. ಸರ್ಕಾರದ ದುಡ್ಡು ನಿಧಾನ.

ನೇರಮಾತು:
ಗುಮಾಸ್ತರೇ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲದಕ್ಕೂ ಕೈ ಚಾಚುವ ಅಭ್ಯಾಸ ಒಳ್ಳೆಯದಲ್ಲ. ಒಂದಷ್ಟು ಉಳಿತಾಯ ಮಾಡಿಟ್ಟುಕೊಂಡರೆ ಯಾರ ಹಂಗೂ ಇರಲ್ಲ.

ಅರ್ಜಿಗುಮಾಸ್ತ:
ಬೇಜಾರೇನಿಲ್ಲ. ಉಳಿತಾಯ ಮಾಡುವಷ್ಟು ಉಳಿಯುವವರು ಮಾಡಲಿ. ಆದರೆ ಇದನ್ನು ದಾನದ ಲೆಕ್ಕದಲ್ಲಿ ನೋಡಬೇಡಿ. ಸೋಂಕು ಇರುವ ಒಬ್ಬ ದಿನಗೂಲಿಯವನು ಸಂಬಳ ಹೋಗುತ್ತದೆ ಎಂದು ಜ್ವರ ಮುಚ್ಚಿಟ್ಟು ಕೆಲಸಕ್ಕೆ ಹೋದ. ಅವನ ಪಕ್ಕದಲ್ಲಿ ನಿಂತವರಿಗೆ ಬಂತು. ಅವರಲ್ಲಿ ನೀವೂ ಇರಬಹುದು. ಅವನಿಗೆ ಮನೆಯಲ್ಲಿ ಕೂರಲು ಕೊಡುವ ದುಡ್ಡು ನಿಮ್ಮ ಮಾಸ್ಕ್‌ನಷ್ಟೇ ಕೆಲಸ ಮಾಡುತ್ತದೆ. ಬ್ರಿಟನ್ 2020ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗೆ, ಕೆಲಸ ನಿಂತ ನೌಕರರ ಸಂಬಳದಲ್ಲಿ 80%ವರೆಗೆ ಕೊಡುವ ಯೋಜನೆ ನಡೆಸಿದ್ದು ಕರುಣೆಯಿಂದಲೇ ಅಲ್ಲ.

ಅದು ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಪಟ್ಟಿಯಲ್ಲೇ ಇಲ್ಲದವರಿಗೆ? ಪಶ್ಚಿಮ ಆಫ್ರಿಕಾದ ಟೋಗೊ ಚಿಕ್ಕ ದೇಶ, ಬಡ ದೇಶ. 2020ರ ಏಪ್ರಿಲ್‌ನಲ್ಲಿ 'ನೋವಿಸ್ಸಿ' ಎಂಬ ಯೋಜನೆ ಶುರು ಮಾಡಿತು. ಸ್ಮಾರ್ಟ್‌ಫೋನ್ ಬೇಕಿಲ್ಲ, ಸಾದಾ ಫೋನಿನಲ್ಲಿ ಒಂದು ಸಂಖ್ಯೆ ಒತ್ತಿ ಮತದಾರರ ಚೀಟಿಯ ವಿವರ ಕೊಟ್ಟರೆ ಫೋನಿಗೇ ದುಡ್ಡು. ಹೆಂಗಸರಿಗೆ ಸ್ವಲ್ಪ ಜಾಸ್ತಿ. ಚೀಟಿ ಇಲ್ಲದವರು, ಫೋನೇ ಇಲ್ಲದವರು ಹೊರಗೇ ಉಳಿದರು, ಅದೂ ನಿಜ. ಅದಕ್ಕೇ ಕಾಗದ ಸರಿ ಮಾಡಿಕೊಳ್ಳಿ ಎಂದು ನಾನು ಬಡಕೊಳ್ಳುವುದು.

ನೇರಮಾತು:
ಈ ಮುಖ ನಾನು ಯೋಚಿಸಿರಲಿಲ್ಲ. ಉಳಿತಾಯದ ಮಾತು ಮಾತ್ರ ವಾಪಸ್ ತೆಗೆದುಕೊಳ್ಳಲ್ಲ.

ಬೆಳ್ಳಿಚುಕ್ಕಿ:
ಸಹಾಯವಾಣಿಗಳ ಬಗ್ಗೆಯೂ ಯಾರಾದರೂ ಬರೆಯಿರಿ. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದಾಗ ನಾನು ಫೋನ್ ಮಾಡಿ ಮಾಡಿ ಸೋತೆ. ಎತ್ತಿದವರು ಇನ್ನೊಂದು ನಂಬರ್ ಕೊಟ್ಟರು, ಆ ನಂಬರಿನವರು ಮೊದಲಿನದ್ದನ್ನೇ ಕೊಟ್ಟರು. ಅಷ್ಟರಲ್ಲಿ ಒಬ್ಬ ತಾನಾಗಿಯೇ ಫೋನ್ ಮಾಡಿ ಆಮ್ಲಜನಕದ ಸಿಲಿಂಡರ್ ಕಳಿಸ್ತೀನಿ, ಮುಂಗಡ ಹಾಕಿ ಎಂದ. ಹಾಕಲಿಲ್ಲ ಪುಣ್ಯ. ಪಕ್ಕದ ಮನೆಯವರು ಹಾಕಿ ಕಳಕೊಂಡರು.

ಅರ್ಜಿಗುಮಾಸ್ತ:
ಮುಂಗಡ ಕೇಳಿದರೆ, ಓಟಿಪಿ ಕೇಳಿದರೆ, 'ಈಗಲೇ, ಐದು ನಿಮಿಷದಲ್ಲಿ' ಎಂದರೆ ಇಟ್ಟುಬಿಡಿ. ಸರ್ಕಾರಿ ನೆರವಿಗೆ ಓಟಿಪಿಯನ್ನು ಫೋನಿನಲ್ಲಿ ಓದಿ ಹೇಳುವ ಅಗತ್ಯವಿಲ್ಲ.

ಸಹಾಯವಾಣಿಗೆ ಬೆಳಗ್ಗೆ ಶುರುವಾಗುತ್ತಲೇ ಮಾಡಿ. ಮಾತಾಡುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ರೋಗಿಯ ವಯಸ್ಸು, ಮೊದಲಿನ ಕಾಯಿಲೆಗಳು, ತಿನ್ನುವ ಮಾತ್ರೆಗಳು, ಜ್ವರ ಶುರುವಾದ ದಿನ, ಆಕ್ಸಿಮೀಟರ್ ಅಂಕಿ, ವಿಳಾಸ ಮತ್ತು ಗುರುತು ಹೇಳುವ ಒಂದು ಜಾಗ. ಗಾಬರಿಯಲ್ಲಿ ಮನೆ ವಿಳಾಸವೇ ಮರೆತುಹೋಗುತ್ತದೆ.

ರಾತ್ರಿಪಾಳಿ:
ಆ ಹಾಳೆಗೆ ಇದನ್ನೂ ಸೇರಿಸಿ: ಅಲರ್ಜಿ ಇರುವ ಔಷಧಿ, ಮತ್ತು ರೋಗಿಗೆ ಪ್ರಜ್ಞೆ ತಪ್ಪಿದರೆ ನಿರ್ಧಾರ ಮಾಡುವವರು ಯಾರು ಅನ್ನುವುದನ್ನು. ಎರಡನೆಯದನ್ನು ಮನೆಯಲ್ಲಿ ಮಾತಾಡಲು ಯಾರಿಗೂ ಇಷ್ಟವಿಲ್ಲ. ವಾರ್ಡ್ ಬಾಗಿಲಲ್ಲಿ ಅಣ್ಣತಮ್ಮಂದಿರು ಜಗಳ ಆಡುವುದನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಶುಗರ್, ಬಿಪಿ, ಥೈರಾಯ್ಡ್ ಮಾತ್ರೆಗಳು ಒಂದು ತಿಂಗಳಿಗಾಗುವಷ್ಟು ಯಾವಾಗಲೂ ಮನೆಯಲ್ಲಿರಲಿ. ಇನ್ಸುಲಿನ್ ಫ್ರಿಜ್‌ನಲ್ಲಿ, ಫ್ರೀಜರ್‌ನಲ್ಲಿ ಅಲ್ಲ.

ನಿಧಾನಗತಿ:
ಕಾಯಿಲೆ ಹೋದ ಮೇಲಿನದ್ದನ್ನು ಯಾರೂ ಹೇಳಲಿಲ್ಲ. ನನಗೆ ಜ್ವರ ಬಿಟ್ಟರೂ ಸುಸ್ತು ಬಿಡಲಿಲ್ಲ. ಮೆಟ್ಟಿಲು ಹತ್ತಿದರೆ ಎರಡು ದಿನ ಮಲಗಬೇಕು. 'ವ್ಯಾಯಾಮ ಮಾಡು, ಸೋಮಾರಿತನ' ಎಂದರು. ಸೋಂಕು ತಗಲಿ ಮೂರು ತಿಂಗಳಾದ ಮೇಲೂ ಲಕ್ಷಣಗಳು ಇದ್ದು, ಅವು ಕಡೇ ಪಕ್ಷ ಎರಡು ತಿಂಗಳು ಉಳಿದು, ಬೇರೆ ಕಾರಣ ಸಿಗದಿದ್ದರೆ ಅದನ್ನು ಕೋವಿಡ್ ನಂತರದ ಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2021ರ ಅಕ್ಟೋಬರ್‌ನಲ್ಲಿ ವಿವರಿಸಿದೆ. ಕೆಲಸದ ಜಾಗದಲ್ಲಿ ಇದನ್ನು ತೋರಿಸಿದ ಮೇಲೆ ಅರ್ಧ ದಿನದ ಕೆಲಸಕ್ಕೆ ಒಪ್ಪಿದರು. ಮೊದಲ ಪರೀಕ್ಷೆಯ ವರದಿ ಎಸೆಯಬೇಡಿ, ಆಮೇಲೆ ರಜೆಗೆ, ನೆರವಿಗೆ ಅದೇ ಆಧಾರ.

ದೀಪು_ಅಮ್ಮ:
ಮನಸ್ಸಿನ ವಿಷಯ ಕೇಳಬಹುದಾ? ಆ ದಿನಗಳಲ್ಲಿ ರಾತ್ರಿಯೆಲ್ಲ ಸಾವಿನ ಸುದ್ದಿ ನೋಡುತ್ತ ಕೂರುತ್ತಿದ್ದೆ.

ಬೆಳ್ಳಿಚುಕ್ಕಿ:
ಅಕ್ಕ, ನೀವೊಬ್ಬರೇ ಅಲ್ಲ. ಮೊದಲ ವರ್ಷದಲ್ಲೇ ಪ್ರಪಂಚದಲ್ಲಿ ಆತಂಕ ಮತ್ತು ಖಿನ್ನತೆ 25% ಏರಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನಾನು ಸುದ್ದಿಯನ್ನು ದಿನಕ್ಕೆ ಒಂದೇ ಸಲ, ಹಗಲಿನಲ್ಲಿ ನೋಡುವುದು ಎಂದು ಮಾಡಿಕೊಂಡೆ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ, ಬದುಕೇ ಬೇಡ ಅನಿಸಿದರೆ, ತಡ ಮಾಡದೆ ಮನಸ್ಸಿನ ವೈದ್ಯರು ಅಥವಾ ಸಹಾಯವಾಣಿ.

ಮನೆಯೇ ಅಪಾಯವಾದ ಹೆಂಗಸರ ವಿಷಯವನ್ನೂ ಇಲ್ಲಿ ಹೇಳಬೇಕು. ಹೊಡೆಯುವವನ ಜೊತೆಗೇ ಬೀಗ ಹಾಕಿಕೊಂಡು ಕೂತವರು. ಸ್ಪೇನ್‌ನ ಕ್ಯಾನರಿ ದ್ವೀಪಗಳಲ್ಲಿ 2020ರಲ್ಲಿ ಔಷಧಿ ಅಂಗಡಿಗೆ ಹೋಗಿ 'ಮಾಸ್ಕ್ 19 ಬೇಕು' ಎಂದರೆ ಸಾಕಿತ್ತು, ಅಂಗಡಿಯವರು ತುರ್ತು ಸೇವೆಯವರಿಗೆ ತಿಳಿಸುತ್ತಿದ್ದರು. ಹೊರಗೆ ಹೋಗಲು ಅವಕಾಶ ಇದ್ದ ಕೆಲವೇ ಜಾಗಗಳಲ್ಲಿ ಔಷಧಿ ಅಂಗಡಿ ಒಂದು ಎಂದು ಯೋಚಿಸಿದವರ ತಲೆ ದೊಡ್ಡದು.

ಸಂಜೆಗಾಳಿ:
ಎಲ್ಲರಿಗೂ ಥ್ಯಾಂಕ್ಸ್. ಗುಮಾಸ್ತರು ಹೇಳಿದ ಮೇಲೆ ತೆಗೆದು ನೋಡಿದೆ. ಅಪ್ಪನ ಹೆಸರಿನ ಇನಿಷಿಯಲ್ ಎರಡು ದಾಖಲೆಯಲ್ಲಿ ಹಿಂದುಮುಂದಾಗಿದೆ. ಯಾವುದನ್ನು ಮೊದಲು ಸರಿ ಮಾಡಿಸಲಿ? ಇನ್ನೊಂದು, ಎದುರು ಮನೆಯಲ್ಲಿ ಕಿವಿ ಕೇಳದ ಅಜ್ಜಿ ಒಬ್ಬರೇ ಇದ್ದಾರೆ. ಸಹಾಯವಾಣಿ ಅವರಿಗೆ ಪ್ರಯೋಜನಕ್ಕಿಲ್ಲ. ಏನು ಮಾಡಬಹುದು?

ಅರ್ಜಿಗುಮಾಸ್ತ:
ಮೊದಲು ಗುರುತಿನ ಚೀಟಿ. ಬ್ಯಾಂಕಿನವರು ಅದನ್ನು ನೋಡಿಯೇ ತಮ್ಮದನ್ನು ತಿದ್ದುತ್ತಾರೆ. ತಿದ್ದುಪಡಿ ಆಗುವವರೆಗೆ ಎರಡೂ ಹೆಸರು ಒಬ್ಬರದ್ದೇ ಎಂದು ಒಂದು ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿಟ್ಟುಕೊಳ್ಳಿ.

ರಾತ್ರಿಪಾಳಿ:
ಅಜ್ಜಿಗೆ ಓದಲು ಬರುತ್ತದಾ ಕೇಳಿ. ಬಂದರೆ ಮೆಸೇಜ್‌ನಲ್ಲಿ ಮಾತಾಡುವ ಸೇವೆ ನಿಮ್ಮಲ್ಲಿ ಇದೆಯಾ ನೋಡಿ. ಅಜ್ಜಿಯ ಒಪ್ಪಿಗೆ ಬರೆಸಿಕೊಂಡು ಅವರ ಪರವಾಗಿ ನೀವು ಫೋನ್ ಮಾಡಬಹುದು, ಹಾಳೆಯಲ್ಲಿ ಅವರ ವಿವರವೂ ಇರಲಿ. ದಿನಕ್ಕೊಮ್ಮೆ ಬೆಳಗ್ಗೆ ಕಿಟಕಿಗೆ ಬಟ್ಟೆ ಕಟ್ಟಲಿ, ಸಂಜೆ ತೆಗೆಯಲಿ. ಹತ್ತು ಗಂಟೆಯಾದರೂ ಕಟ್ಟದಿದ್ದರೆ ನೀವು ಹೋಗಿ ಬಾಗಿಲು ತಟ್ಟಿ ಪ್ರಯೋಜನ ಇಲ್ಲ, ಕೇಳಿಸುವುದಿಲ್ಲ. ಹಾಗಾಗಿ ಒಂದು ಕೀಲಿ ನಿಮ್ಮ ಹತ್ತಿರ ಈಗಲೇ ಇರಬೇಕು.